ಸೈಮಾ ಕೇಳಿದ್ದು

ಮೇ ೯, ಶುಕ್ರವಾರ. ರಾಯಚೂರು.

ನಾಳೆ ಹತ್ತಕ್ಕೆ ಠಾಣೆಗೆ ಹೋಗಿ ಹೇಳಿಕೆ ಕೊಡಬೇಕು. ನಲ್ಲಿ ನೀರು ಬರುವ ಹೊತ್ತು ತಿಳಿಸಲೆಂದು ಮಾಡಿದ ಓಣಿಯ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಮೊನ್ನೆ, ಗಡಿಯಲ್ಲಿ ಯುದ್ಧ ಶುರುವಾದ ದಿನ, ಓಣಿಯ ಪ್ರಭುರಾಜ ಅದರಲ್ಲಿ ಬಾಂಬ್ ದಾಳಿಯ ವಿಡಿಯೋ ಹಾಕಿದ. ನನ್ನ ಹಳೆಯ ವಿದ್ಯಾರ್ಥಿನಿ ಸೈಮಾ, 'ಅಣ್ಣಾ, ಇದು ಹಳೇದು ಇದ್ದಂಗ ಅದರೀ, ಎಲ್ಲಿಂದ ಬಂತು?' ಎಂದು ಕೇಳಿದಳು. ದೂರು ಬಂದದ್ದು ವಿಡಿಯೋ ಹಾಕಿದವನ ಮೇಲಲ್ಲ, ಸೈಮಾಳ ಮೇಲೆ. ಯುದ್ಧದ ಹೊತ್ತಿನಲ್ಲಿ ಸುಳ್ಳು ಹಬ್ಬಿಸಿದಳಂತೆ.

ನಾನು ಹೆದರಿ ಅವಳ ಸಾಲನ್ನು ಅಳಿಸಿಬಿಟ್ಟೆ. ಈಗ ಅದರಲ್ಲಿ ಏನಿತ್ತೆಂದು ಎಲ್ಲರೂ ತಮಗೆ ತೋಚಿದ್ದು ಹೇಳುತ್ತಿದ್ದಾರೆ.

ಸಂಜೆ ಅವಳ ತಾಯಿ ಗುಲ್ಶನ್ ಬೇಗಂ ಬಂದರು. 'ತಪ್ಪಾತು ಅಂತ ಬರದು ಕೊಡು ಅಂತ ಈಕಿಗೆ ಹೇಳ್ರಿ ಟೀಚರ್. ಕೇಸಾದ್ರ ಮಾನ್ವಿ ದವಾಖಾನ್ಯಾಗಿನ ಈಕಿ ನರ್ಸ್ ನೌಕರಿ ಹೋಗ್ತದ.'

ಬಾಗಿಲಲ್ಲಿದ್ದ ಸೈಮಾ ನನ್ನನ್ನೇ ನೋಡಿದಳು. 'ಕೇಳೋದು ತಪ್ಪಂದ್ರ, ಕ್ಲಾಸಿನ್ಯಾಗ ಕೇಳ್ರಿ ಕೇಳ್ರಿ ಅಂತ ಯಾಕ ಬಡಕೋತಿದ್ರಿ?'

ಯುದ್ಧದಲ್ಲಿ ಸುಳ್ಳು ಜೀವ ತೆಗೆಯುತ್ತದೆ, ಕಾನೂನು ಬೇಕು, ಒಪ್ಪುತ್ತೇನೆ. ಆದರೆ ನಿಜವೇ ಎಂದು ಕೇಳಿದವಳನ್ನೇ ಹಿಡಿದರೆ ಕಾನೂನು ಸುಳ್ಳಿಗೆ ಕಾವಲು ನಿಂತಂತೆ.

ನಾನು ಇಂಗ್ಲಿಷಿನಲ್ಲೇ ಓದಿದವಳು, ಆದರೂ ನಾಳೆಯ ಹೇಳಿಕೆಯನ್ನು ಕನ್ನಡದಲ್ಲಿ ಮೂರು ಸಲ ಬರೆದೆ. ಅವಳ ಪ್ರಶ್ನೆಯನ್ನು ಇದ್ದ ಹಾಗೇ ಹಾಕಿದ್ದೇನೆ. ಅಳಿಸಿದವಳು ನಾನೆಂದೂ, ಅದು ನನ್ನ ತಪ್ಪೆಂದೂ ಬರೆದಿದ್ದೇನೆ. ಕೆಳಗೆ ಸಹಿ ಮಾಡಿದೆ. ಪಕ್ಕದಲ್ಲಿ ನನ್ನ ಹೆಸರನ್ನು ಯಾರಿಗಾದರೂ ಓದಲು ಬರುವಂತೆ ಬಿಡಿಸಿ ಬರೆದೆ.