ನಿನ್ನ ಹೆಸರಲ್ಲಿ ಮಾಡಿದ ದುರಸ್ತಿ

ಮದ್ದೂರು
೧೬ ಜುಲೈ ೨೦೨೪

ಪ್ರೀತಿಯ ಜುನೈದ್ ಭಾಯಿಗೆ ನಿನ್ನ ತಂಗಿಯ ಸಲಾಮ್.

ಹೇಗಿದ್ದೀಯ? ಬ್ಲಫ್ ಊರಿನ ಗಾಳಿಗೆ ಕೆಮ್ಮು ಕಡಿಮೆಯಾಯಿತೇ? ನೀನು ಕೆಲಸಕ್ಕಿರುವ ಪವರ್ ಹೌಸಿನ ಕ್ಯಾಂಟೀನ್ ಊಟ ನಿನಗೆ ಒಗ್ಗಿತೋ ಇಲ್ಲವೋ ಎಂದು ಅಮ್ಮಿಗೆ ದಿನವೂ ಚಿಂತೆ. ನಾನು ಉಂಡೆನೇ ಎಂದು ಯಾರೂ ಕೇಳುವುದಿಲ್ಲ. ಇರಲಿ.

ಚೌಡಯ್ಯನವರ ಹಿಟ್ಟಿನ ಗಿರಣಿಯ ಮೋಟಾರು ನಮ್ಮ ಅಂಗಡಿಯಲ್ಲಿ ವೈಂಡಿಂಗ್ ಮಾಡಿಸಿಕೊಂಡು ಹೋದ ಮರುದಿನವೇ ಸುಟ್ಟುಹೋಯಿತು. ಅದನ್ನು ತಂದು ಅಬ್ಬಾನ ಮುಂದೆ ಕುಕ್ಕಿ, "ಏನ್ ಪಾಷಣ್ಣ, ಮೋಟ್ರು ಕಟ್ಟಿದ್ಯೋ ಬೀಡಿ ಕಟ್ಟಿದ್ಯೋ? ಬರೀ ಒಗೆ!" ಎಂದರು. ಬೀದಿಯೆಲ್ಲ ನಕ್ಕಿತು. ಯಾವ ಮೋಟಾರಿಗೆ ಎಷ್ಟು ಸುತ್ತು, ಎಂಥ ತಂತಿ ಎಂದು ಕಂಪ್ಯೂಟರ್ ನೋಡಿ ಹೇಳುವವಳು ನಾನಲ್ಲವೇ? ತಪ್ಪು ನನ್ನ ತಲೆಗೇ ಬಂತು. "ಆ ಕಾರ್ಮಿಕ ಸಂಘದ ಕರಪತ್ರ ಓದೋದ್ ಬುಟ್ಟು ಕೆಲ್ಸ ನೋಡಮ್ಮ. ಜುನೈದ್ ಇದ್ದಾಗ ಇಂಗಾಯ್ತಿತ್ತಾ?" ಎಂದರು ಅಬ್ಬಾ. ಇನ್ನೊಂದು ಮೋಟಾರು ಸುಟ್ಟುಹೋದರೆ ನಾನು ಅಂಗಡಿಗೆ ಬರುವುದೇ ಬೇಡವಂತೆ.

ಪಾಲಿಟೆಕ್ನಿಕ್‌ನಲ್ಲಿದ್ದಾಗ ನೀನು ಬರೆದ ಮೋಟಾರು ಲೆಕ್ಕದ ಆ ಹಳೇ ಪ್ರೋಗ್ರಾಮನ್ನು ಕೆದಕಿದೆ. ಚೌಡಯ್ಯನವರ ಮೋಟಾರಿನ ನಂಬರು ಹಾಕಿದರೆ ಇನ್ನೊಬ್ಬ ಗಿರಾಕಿ ಕೆಂಪಸಿದ್ದಯ್ಯನವರ ಬೋರ್‌ವೆಲ್ ಮೋಟಾರಿನ ಲೆಕ್ಕ ಬರುತ್ತಿತ್ತು. ನಿನ್ನ ಪರದೆಯಲ್ಲಿ ಮಾಲೀಕರ ಹೆಸರೇ ಕಾಣುವುದಿಲ್ಲ. ನಾನು ಬರೆದಿದ್ದರೆ ಕಾಣುತ್ತಿತ್ತು. ಟೇಬಲ್ಲಿನ ಕೊನೆಯ ಸಾಲು ಅರ್ಧಕ್ಕೆ ತುಂಡಾಗಿತ್ತು, ಉಳಿದವೆಲ್ಲ ಭದ್ರ. ಕೆಟ್ಟಿದ್ದು ಇಂಡೆಕ್ಸು. ಮನೆಗಳು ಇದ್ದಲ್ಲೇ ಇದ್ದವು, ದಾರಿ ತೋರುವ ಬೋರ್ಡುಗಳು ತಿರುಗಿ ನಿಂತಿದ್ದವು. ಕಾರಣ ಅಬ್ಬಾನೇ. ಬಾಗಿಲು ಹಾಕುವ ಹೊತ್ತಿಗೆ ಕರೆಂಟಿನ ಮೇನ್ ಸ್ವಿಚ್ ಎಳೆಯುವುದು ಮೋಟಾರು ಅಂಗಡಿಯ ನೇಮ. ಅವರು ಮೊದಲು ಎಳೆಯುತ್ತಾರೆ, ಆಮೇಲೆ "ಮೇನ್ ಎಳ್ದೆ ಕಣಮ್ಮ" ಎನ್ನುತ್ತಾರೆ. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ಲೆಕ್ಕ ಬರೆಯುತ್ತಿರುವ ಕಂಪ್ಯೂಟರ್ ಅರ್ಧದಲ್ಲೇ ಆರಿಹೋಗುತ್ತದೆ.

ಫೈಲುಗಳ ನಕಲು ತೆಗೆದಿಟ್ಟು, ಮುರಿದ ಸಾಲನ್ನು ಅಳಿಸಿ, ಇಂಡೆಕ್ಸನ್ನು ಹೊಸದಾಗಿ ಕಟ್ಟಿಸಲು ಹೋದರೆ, ಆ ಮೆನು ನಿನ್ನ ಹೆಸರಿಗೆ ಮಾತ್ರ ತೆರೆಯುತ್ತದೆ! ಜಮೀನ್ದಾರಿ ಹೋಯಿತು ಎಂದುಕೊಂಡಿದ್ದೆ. ನಿನ್ನ ಹೆಸರು, ಪಾಸ್‌ವರ್ಡ್ ಹಾಕಿ ನಾನೇ ನೀನಾಗಿ ಒಳಹೊಕ್ಕೆ. ಕೆಲಸ ಮುಗಿದಾಗ ಪರದೆಯ ಮೇಲೆ "ದುರಸ್ತಿ ಮಾಡಿದವರು: ಜುನೈದ್" ಎಂದು ಬಂತು. ಸರಿಯಾದ ಲೆಕ್ಕಕ್ಕೆ ಮತ್ತೆ ಕಟ್ಟಿದ ಮೋಟಾರು ಈಗ ಗುಂಯ್ ಎಂದು ತಿರುಗುತ್ತಿದೆ. ಅಬ್ಬಾ ಪರದೆ ಓದಿ, "ನೋಡ್ದಾ ಚೌಡಯ್ಯ, ಬ್ಲಫ್‌ನಲ್ಲಿ ಕೂತ್ಕಂಡೇ ಸರಿ ಮಾಡ್ಬುಟ್ಟ ನನ್ ಮಗ!" ಎಂದರು. ದುಡಿದವರ ಹೆಸರು ದುಡಿಮೆಯ ಮೇಲಿರಬೇಕು ಎಂದು ಊರಿಗೆಲ್ಲ ಹೇಳುವ ನಾನು ಆಗ ನೆಲದ ಮೇಲಿನ ತಂತಿ ಚೂರು ಗುಡಿಸಿದೆ.

ಅಮ್ಮಿಯ ದುವಾ ನಿನ್ನ ಮೇಲಿದೆ, ಎಂದಿನಂತೆ ನನ್ನ ಪಾಲಿನದೂ ಸೇರಿ.

ನಿನ್ನ ತಂಗಿ
ನುಜ್ಹತ್

ಮರೆತೆ: ಶುಕ್ರವಾರ ನಮಾಜ್ ಮುಗಿಸಿ ಅಬ್ಬಾ ನಿನಗೆ ಶಾಬಾಷ್ ಹೇಳಲು ಫೋನ್ ಮಾಡುತ್ತಾರೆ. ಸುಮ್ಮನೆ ಹ್ಞೂಂ ಎನ್ನಬೇಡ, ಮಾಡಿದ್ದು ಯಾರೆಂದು ಹೇಳು. ನಾನೇ ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚು ಇದೆ ಭಾಯಿ. ಆದರೆ ಕೆಲಸವೂ ನನ್ನದೇ.