ನೇರಳೆ ಬಣ್ಣ ಹೋದ ದಾರಿ

ಶಿವಮೊಗ್ಗ
೧೩ ನವೆಂಬರ್ ೧೯೬೫

ಪ್ರೀತಿಯ ಅವ್ವಾ,

ನಿನ್ನ ಮಂಡಿ ನೋವು ಹೇಗಿದೆ? ಹಾವೇರಿಯಲ್ಲಿ ಮಾವನ ಮನೆಗೆ ಮೆಟ್ಟಿಲು ಜಾಸ್ತಿ. ಅತ್ತೆ ಕಾಲು ಮುರಿದುಕೊಂಡು ಮಲಗಿದ್ದಾರೆಂದು ಎಲ್ಲ ಕೆಲಸವನ್ನೂ ನೀನೇ ಮೈಮೇಲೆ ಹಾಕಿಕೊಂಡು ಹತ್ತಿ ಇಳಿಯುತ್ತಿರುತ್ತೀಯ ಎಂದು ನನಗೆ ಗೊತ್ತು. ನಾನು ಕಟ್ಟಿಕೊಟ್ಟ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೋ, ಅತ್ತೆಗೇ ಎಲ್ಲ ಸುರಿದುಬಿಡಬೇಡ. ನಾನು ಆರೋಗ್ಯವಾಗಿದ್ದೇನೆ. ಜನ್ನಾಪುರದ ಮನೆಗೆ ಬೀಗ ಹಾಕಿದೆ, ಪಕ್ಕದ ಮನೆಯ ವೀರಮ್ಮ ತುಳಸಿಗೆ ನೀರು ಹಾಕುತ್ತಿದ್ದಾರೆ. ನನ್ನನ್ನು ಎರಡು ವಾರದಿಂದ ಶಿವಮೊಗ್ಗಕ್ಕೆ ಡ್ಯೂಟಿ ಹಾಕಿದ್ದಾರೆ. ಭದ್ರಾವತಿಯಲ್ಲಿ ಏನೇನೋ ಆಯಿತಂತೆ ಎಂದು ಬಸ್ಸಿನವರಿಂದ ನಿನ್ನ ಕಿವಿಗೂ ಬಿದ್ದಿರಬಹುದು. ಜನ ಹೇಳುವುದು ಅರ್ಧ ಸುಳ್ಳು. ನಡೆದದ್ದನ್ನು ನಡೆದ ಹಾಗೆ ನಾನೇ ಬರೆಯುತ್ತೇನೆ. ಮಾವನ ಕೈಯಲ್ಲಿ ಓದಿಸಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು.

ಯುದ್ಧ ನಿಂತರೂ ನಮ್ಮ ಭದ್ರಾವತಿಯಲ್ಲಿ ಯಾರೂ ಕಿಟಕಿಗೆ ಅಂಟಿಸಿದ ಕಪ್ಪು ಕಾಗದ ಕಿತ್ತಿಲ್ಲ. ಕಾರ್ಖಾನೆ ಇರುವ ಊರು, ಮತ್ತೆ ಏನಾದರೂ ಆದರೆ ಎಂಬ ಭಯ. ನೀನು ಹೊರಟುಹೋದ ಮೇಲೆ ಬೆಂಗಳೂರಿನಿಂದ ತ್ರಿವಿಕ್ರಮ ಎಂಬ ಡಾಕ್ಟರು ನಮ್ಮ ಆಸ್ಪತ್ರೆಗೆ ಬಂದರು. ಸಣ್ಣಗೆ, ಎತ್ತರಕ್ಕೆ ಇದ್ದಾರೆ. ದನಿ ಎಷ್ಟು ಮೆಲ್ಲಗೆಂದರೆ ಹಿಂದೆ ಕೂತವರಿಗೆ ಕೇಳುವುದಿಲ್ಲ. ವೈರಿಗಳು ಬೇಕೆಂದೇ ಒಂದು ರೋಗವನ್ನು ತಂದು ಊರಲ್ಲಿ ಬಿಟ್ಟರೆ ಆಸ್ಪತ್ರೆಯವರು ಏನು ಮಾಡಬೇಕು ಎಂದು ಕಲಿಸುವುದು ಅವರ ಕೆಲಸ. “ಬಾಂಬ್ ಬಿದ್ರೆ ಸದ್ದಾಗುತ್ತೆ, ಎಲ್ಲರೂ ಓಡ್ತಾರೆ. ಇದು ಬಂದಿದ್ದು ಯಾರಿಗೂ ಗೊತ್ತಾಗಲ್ಲ. ನಿಮ್ಮ ಬಾಗಿಲಿಗೆ ಬರೋ ಮೊದಲನೇ ರೋಗಿ ಮೂಲಕವೇ ಗೊತ್ತಾಗಬೇಕು,” ಎಂದರು. ಹಾಗೆ ಹೇಳಿದಾಗ ನಾವೆಲ್ಲ ಸುಮ್ಮನೆ ಬಾಗಿಲ ಕಡೆ ತಿರುಗಿ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ.

ಅಕ್ಟೋಬರ್ ಕೊನೆಯ ಶನಿವಾರ ಬೆಳಿಗ್ಗೆ ಡ್ರಿಲ್ ಇಟ್ಟರು. ನಮ್ಮ ವಾರ್ಡಿನ ಅಟೆಂಡರ್ ಹುಲಿಯಪ್ಪನೇ ರೋಗಿ. ರೈಲಿನಿಂದ ಇಳಿದ ಪರವೂರಿನವನ ಹಾಗೆ ತಲೆಗೆ ಟವೆಲ್ ಸುತ್ತಿ, ಕಂಕುಳಲ್ಲಿ ಬಟ್ಟೆಗಂಟು ಇಟ್ಟುಕೊಂಡು, ನರಳುತ್ತಾ ಬಂದ. ನಿನಗೆ ಅವನು ಗೊತ್ತಲ್ಲ, ನಾಟಕದ ಹುಚ್ಚು. ಎಷ್ಟು ಚೆನ್ನಾಗಿ ನರಳಿದನೆಂದರೆ ಹೊರರೋಗಿಗಳ ಸಾಲಿನಲ್ಲಿದ್ದ ಒಬ್ಬ ಮುದುಕಿ ಅಳುವುದಕ್ಕೆ ಶುರುಮಾಡಿದಳು. ನಾವು ಕಲಿಸಿದ ಹಾಗೆ ಮಾಡಿದೆವು. ಮುಖಕ್ಕೆ ಬಟ್ಟೆ ಕಟ್ಟಿದೆವು, ಅವನನ್ನು ಹಿಂದಿನ ಬಾಗಿಲಿನಿಂದ ಬೇರೆ ಕೋಣೆಗೆ ಒಯ್ದೆವು, ಮೊಣಕೈವರೆಗೆ ಕೈ ತೊಳೆದೆವು. ಮಧ್ಯಾಹ್ನ ಡಾಕ್ಟರು ಡ್ರಿಲ್ ಮುಗಿಯಿತು ಎಂದಾಗ ಎಲ್ಲರಿಗೂ ನಗು ಬಂತು. ಹುಲಿಯಪ್ಪ ಎದ್ದು ಕೂತು ಕಾಫಿ ಕೇಳಿದ. ನಾನು ಮೂಲೆಯಲ್ಲಿ ಬಿದ್ದಿದ್ದ ಅವನ ಗಂಟನ್ನು ಎತ್ತಿ, ಧೂಳು ಕೊಡವಿ ಕೈಗೆ ಕೊಟ್ಟೆ. ತ್ರಿವಿಕ್ರಮ ಡಾಕ್ಟರು ಅದನ್ನು ನೋಡುತ್ತಿದ್ದರು.

ಅರ್ಧ ದಿನ ರಜೆ ಇತ್ತು. ಶಿವಮೊಗ್ಗಕ್ಕೆ ಬಸ್ಸು ಹತ್ತಿದೆ. ಗಾಂಧಿ ಬಜಾರಿನಲ್ಲಿ ನಿನ್ನ ರವಿಕೆಗೆ ಬಟ್ಟೆ ತೆಗೆದುಕೊಂಡೆ, ಹೂವಿನ ದುರ್ಗಮ್ಮನ ಹತ್ತಿರ ಮಲ್ಲಿಗೆ ಮೊಗ್ಗಿನ ರಾಶಿಯಲ್ಲಿ ಕೈಯಾಡಿಸಿ ಒಳ್ಳೆಯದನ್ನು ಆರಿಸಿಕೊಂಡೆ. ಅವಳು ಬೈದಳು, “ಮಾರಾಯ್ತಿ, ಎಲ್ಲಾನೂ ಮುಟ್ಬೇಡ, ಬಾಡ್ತವೆ.” ಮನೆಗೆ ಬರುವಾಗ ಕತ್ತಲಾಗಿತ್ತು. ಹಿತ್ತಲ ಕತ್ತಲಲ್ಲೇ ಕೈಕಾಲು ತೊಳೆದು, ದೀಪ ಹಚ್ಚಿ, ಲಿಂಗಪೂಜೆಗೆ ಕೂತೆ. ಎಡಗೈಯಲ್ಲಿ ಲಿಂಗವಿಟ್ಟು ನೀರು ಬಿಟ್ಟೆ. ನೀರು ನೇರಳೆಯಾಗಿ ಹರಿಯಿತು, ಅವ್ವಾ. ವಿಭೂತಿಯ ಬಿಳಿ ಗೆರೆ ನನ್ನ ಕಣ್ಣೆದುರೇ ನೇರಳೆ ತಿರುಗಿತು. ಬೆರಳ ಸಂದಿ, ಅಂಗೈ, ಮಣಿಕಟ್ಟು, ಎಲ್ಲಾ ನೇರಳೆ ಹಣ್ಣು ಹಿಸುಕಿದ ಹಾಗೆ. ಎದ್ದು ಕನ್ನಡಿ ನೋಡಿದರೆ ಕಿವಿಯ ಹಿಂದೆ, ತುಟಿಯ ಮೂಲೆಯಲ್ಲಿ ಕೂಡ. ಅಷ್ಟರಲ್ಲಿ ವೀರಮ್ಮ ಮೊಮ್ಮಗುವನ್ನು ಎತ್ತಿಕೊಂಡು ಓಡಿಬಂದರು. ಸಂಜೆ ಬಂದ ತಕ್ಷಣ ನಾನು ಅದರ ಗಲ್ಲ ಹಿಡಿದು ಮುದ್ದು ಮಾಡಿದ್ದೆ. ಮಗುವಿನ ಜೊಲ್ಲೆಲ್ಲ ನೇರಳೆ.

ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಎಲ್ಲರೂ ಒಬ್ಬರ ಕೈ ಒಬ್ಬರು ನೋಡುತ್ತಾ ನಿಂತಿದ್ದೆವು. ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧವಿದೆಯಲ್ಲ, ಅದರ ಪುಡಿಯನ್ನು ಮುಖದ ಪೌಡರಿನಲ್ಲಿ ಬೆರೆಸಿ ಡಾಕ್ಟರು ಹುಲಿಯಪ್ಪನ ಗಂಟಿಗೆ ಸವರಿದ್ದರಂತೆ. ಒಣಗಿದ್ದಾಗ ಕಾಣುವುದಿಲ್ಲ, ನೀರು ಸೋಕಿದರೆ ಬಣ್ಣ ಬಿಡುತ್ತದೆ. ಹುಲಿಯಪ್ಪನಿಗೂ ಗೊತ್ತಿರಲಿಲ್ಲ. “ರೋಗಿಯನ್ನ ಮುಟ್ಟಿದ ಮೇಲೆ ಎಲ್ಲರೂ ಕೈ ತೊಳೆದ್ರಿ. ರೋಗಿಯ ಗಂಟು ಮುಟ್ಟಿದ ಮೇಲೆ ಯಾರೂ ತೊಳೀಲಿಲ್ಲ,” ಎಂದರು ಡಾಕ್ಟರು. ಬೈಗುಳದ ದನಿಯಲ್ಲ, ಬೇಸರದ ದನಿ. ಆಮೇಲೆ ಒಬ್ಬೊಬ್ಬರನ್ನೇ, ಎಲ್ಲೆಲ್ಲಿ ಹೋಗಿದ್ದಿರಿ, ಏನೇನು ಮುಟ್ಟಿದಿರಿ ಎಂದು ಕೇಳಿದರು. ಹುಲಿಯಪ್ಪ ಓಲ್ಡ್ ಟೌನಿನ ಬೀಡಿ ಅಂಗಡಿಗೆ ಹೋಗಿದ್ದ. ಅಲ್ಲಿ ಬೀಡಿ ಕಚ್ಚಿದವರ ತುಟಿಗಳೆಲ್ಲ ನೇರಳೆಯಾಗಿ, ಮಾರಿಯ ಕಣ್ಣು ಬಿದ್ದಿದೆ ಎಂದು ಬೇವಿನ ಸೊಪ್ಪು ಕಟ್ಟಿದ್ದರಂತೆ. ನಾನು ಗಾಂಧಿ ಬಜಾರ್ ಎಂದೆ. ಡಾಕ್ಟರು ತಕ್ಷಣ ಎದ್ದರು. ಜೀಪಿನಲ್ಲಿ ನನ್ನನ್ನೂ ಹುಲಿಯಪ್ಪನನ್ನೂ ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೊರಟರು.

ದುರ್ಗಮ್ಮನ ಸುತ್ತ ಜನ ನಿಂತಿದ್ದರು, ಆದರೆ ಹತ್ತಿರ ಯಾರೂ ಇರಲಿಲ್ಲ. ವಿಮಾನದಿಂದ ವಿಷ ಉದುರಿಸಿದ್ದಾರೆ ಎಂದು ಒಬ್ಬ ಹೇಳುತ್ತಿದ್ದ. ಹಿಂದಿನ ದಿನ ಉಳಿದ ಮಲ್ಲಿಗೆಗೆ ಅವಳು ಬೆಳಿಗ್ಗೆ ನೀರು ಚಿಮುಕಿಸಿದ್ದಾಳೆ. ಬುಟ್ಟಿಯಲ್ಲಿ ಬಿಳಿ ಹೂವಿನ ನಡುವೆ ಅಲ್ಲಲ್ಲಿ ನೇರಳೆ ಹೂವು. ನಾನು ಕೈಯಾಡಿಸಿದ ದಾರಿಯೇ ರಾಶಿಯಲ್ಲಿ ಕಾಣುತ್ತಿತ್ತು. ಅವಳು ನನ್ನ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು. “ನಿಂದಾ ಇದು, ತಾಯೀ?” ಎಂದಳು. ಅಷ್ಟೇ. ಬರಿಯ ಬಣ್ಣ, ಭಯವಿಲ್ಲ ಎಂದು ಡಾಕ್ಟರು ಜನಕ್ಕೆ ಕೂಗಿ ಹೇಳಿದರು. ಆ ದನಿ ಯಾರಿಗೆ ಕೇಳಬೇಕು? ಹುಲಿಯಪ್ಪನೇ ಕಟ್ಟೆ ಹತ್ತಿ ಹೇಳಿದ ಮೇಲೆ ಜನ ಚದುರಿದರು. ದುರ್ಗಮ್ಮ ಅವತ್ತು ಬೆಳಿಗ್ಗೆ ಖಾಯಂ ಮನೆಗಳಿಗೆ ಹೂ ಹಾಕಿ ಬಂದಿದ್ದಳು. ಆ ಮನೆಗಳವರು ಹೆದರಬಾರದು ಎಂದು ಅವಳನ್ನೇ ಮುಂದೆ ಮಾಡಿಕೊಂಡು ಹೋದೆವು.

ಮೊದಲ ಎರಡು ಮನೆಗಳಲ್ಲಿ ನಕ್ಕರು, ಸ್ವಲ್ಪ ಬೈದರು. ಮೂರನೆಯದು ಬಜಾರಿನ ಹಿಂದಿನ ಓಣಿಯ ಕೊನೆಯ ಮನೆ. ಹಗಲು ಹೊತ್ತಿನಲ್ಲೇ ಕಿಟಕಿ ಬಾಗಿಲು ಮುಚ್ಚಿತ್ತು, ಬಾಗಿಲಿಗೆ ಬೇವು ಸಿಕ್ಕಿಸಿತ್ತು. ಬಣ್ಣಕ್ಕೆ ಹೆದರಿ ಕಟ್ಟಿದ್ದಾರೆಂದು ನಾನು ಅಂದುಕೊಂಡೆ. ಆದರೆ ಆ ಬೇವು ಒಣಗಿ ಸುರುಟಿಕೊಂಡಿತ್ತು. ಬಾಗಿಲು ತಟ್ಟಿದರೆ ಒಳಗಿನಿಂದ ಒಂದು ಹೆಂಗಸಿನ ದನಿ, “ಹೂವಾದ್ರೆ ಒಳಗೆ ತಗಂಡ್ ಬಾ. ಬೇರೇರಾದ್ರೆ ಹೋಗ್ರಿ,” ಎಂದಿತು. ವಾರದಿಂದ ದುರ್ಗಮ್ಮ ದಿನವೂ ಒಳಗೆ ಹೋಗಿ, ದೇವರ ಮುಂದೆ ತಾನೇ ಹೂ ಇಟ್ಟು ಬರುತ್ತಿದ್ದಳಂತೆ. ಮನೆಯೊಡತಿ ಯಲ್ಲಮ್ಮ ತನಗೆ ಮೈಲಿಗೆ, ಹೂ ಮುಟ್ಟುವಂತಿಲ್ಲ ಎಂದಿದ್ದಳಂತೆ, ಒಳಗಿನದನ್ನು ಯಾರಿಗೂ ಹೇಳಬೇಡ ಎಂದು ಕೂಡ. ಡಾಕ್ಟರು ಬಾಗಿಲು ತಳ್ಳಿದರು.

ಒಳಗಿನ ಆ ವಾಸನೆ ಟ್ರೈನಿಂಗಿನಲ್ಲಿ ಒಮ್ಮೆ ನನ್ನ ಮೂಗಿಗೆ ಬಡಿದಿತ್ತು, ಅವ್ವಾ. ಮರೆಯುವುದಿಲ್ಲ. ಮೂಲೆಯಲ್ಲಿ ಕಲಶವಿಟ್ಟು ಮಲ್ಲಿಗೆ ಸುತ್ತಿದ್ದರು. ಹೂವೆಲ್ಲ ನೇರಳೆ, ಕಲಶದ ನೀರು ನೇರಳೆ. ಅದರ ಮುಂದೆ ಬಾಳೆಲೆಯ ಮೇಲೆ ಒಬ್ಬ ಹುಡುಗ ಮಲಗಿದ್ದ. ಯಲ್ಲಮ್ಮನ ಮಗ ಗೋವಿಂದ, ನಾಗಪುರದ ಕಡೆ ಲಾರಿಯಲ್ಲಿ ಕ್ಲೀನರ್ ಆಗಿ ಹೋಗಿ ಜ್ವರದಲ್ಲಿ ಮರಳಿದವನು. ಮುಖದ ಮೇಲೆ, ಕೈ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ ಕೂಡ ಸಿಡುಬು ತುಂಬಿ ನಿಂತಿತ್ತು. ತಾಯಿ ಆ ಕಲಶದ ನೀರನ್ನೇ ಬೇವಿನ ಎಲೆಯಿಂದ ಚಿಮುಕಿಸಿದ್ದಳು. ನಮ್ಮ ಸುಳ್ಳು ರೋಗ ನಿಜವಾದ ರೋಗದ ಮೇಲೆ ಹನಿಹನಿಯಾಗಿ ಕೂತಿತ್ತು. ನಮಗೆ ಅಷ್ಟೆಲ್ಲ ಕಲಿಸಿದ ಡಾಕ್ಟರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಆಮೇಲೆ ಏನೋ ಹೊಳೆದವರಂತೆ ಕೈ ತೆಗೆದು, ಆ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡರು. ಇದು ಬರಿಯ ಬಣ್ಣ, ಆಸ್ಪತ್ರೆಯವರದ್ದು ಎಂದು ದುರ್ಗಮ್ಮ ಹೇಳಿದ ಕೂಡಲೇ ಯಲ್ಲಮ್ಮ ಎದ್ದು ನಿಂತಳು. “ಮಾರಿತಾಯಿ ಬಣ್ಣ ತೋರಿಸ್ತಾಳೆ, ಏನೋ ಹೇಳ್ತಾಳೆ ಅಂದ್ಕಂಡಿದ್ದೆ. ನೀವಾ ಕಳ್ಸಿದ್ದು ಇದನ್ನ? ನನ್ ಮಗನ್ನ ಹುಡುಕಾಕೆ ಬಣ್ಣ ಕಳ್ಸಿದ್ರಾ?” ಎಂದಳು. ಹುಲಿಯಪ್ಪ ತಲೆ ತಗ್ಗಿಸಿದ.

ಹೊರಗೆ ಬಂದ ಮೇಲೆ ಡಾಕ್ಟರು ನನಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. “ಸಿಸ್ಟರ್, ಬಣ್ಣ ನಿಮ್ಮ ಕೈಯಿಂದ ಇಲ್ಲಿಗೆ ಬಂತು. ಇಲ್ಲಿಂದ ವಾಪಸ್ ಏನು ಹೋಗಿದೆ?” ಆಗ ನನಗೆ ಅರ್ಥವಾಯಿತು. ನಾವು ಬಣ್ಣದ ಬೆನ್ನು ಹತ್ತಿ ಬಂದ ದಾರಿಯಲ್ಲೇ ಎದುರಿನಿಂದ ಇನ್ನೊಂದು, ಬಣ್ಣವಿಲ್ಲದ್ದು, ವಾರದಿಂದ ನಡೆದು ಹೋಗುತ್ತಿತ್ತು. ದುರ್ಗಮ್ಮ, ಅವಳ ಹೂವು, ಬಜಾರು, ಬಸ್ಸು. ಅವತ್ತು ಸಂಜೆಯೊಳಗೆ ಸಿಡುಬಿನ ಲಸಿಕೆಯ ದಾಕು ಹಾಕುವವರನ್ನು ಕರೆಸಿದರು. ಯಾರ ಮೈ ಮೇಲೆ ನೇರಳೆ ಇದೆಯೋ ಅವರಿಗೆ, ಅವರ ಮನೆಯವರಿಗೆ, ಅಕ್ಕಪಕ್ಕದವರಿಗೆ. ಹಿಂದೆ ದಾಕು ಎಂದರೆ ಹಿತ್ತಲಿನಿಂದ ಓಡುತ್ತಿದ್ದ ಜನ ಈ ಸಲ ತಾವೇ ಕೈ ಚಾಚಿ ತೋರಿಸಿದರು. ನನ್ನಲ್ಲೂ ಇದೆ ನೋಡಿ, ಇಲ್ಲಿ ನೋಡಿ ಎಂದು. ಅಜ್ಜಂದಿರು ಕೂಡ ಪಂಚೆ ಎತ್ತಿ ಮೊಣಕಾಲು ತೋರಿಸುತ್ತಿದ್ದರು. ಭದ್ರಾವತಿಯಲ್ಲಿ ಬೀಡಿ ಅಂಗಡಿಯಿಂದ ಹಿಡಿದು ವೀರಮ್ಮನ ಮೊಮ್ಮಗುವಿನವರೆಗೆ ಎಲ್ಲರಿಗೂ ಆಯಿತು. ಮಗು ಚೆನ್ನಾಗಿದೆ. ತೋಳು ಊದಿ ಎರಡು ದಿನ ಅತ್ತಿತು, ಅಷ್ಟೇ.

ಗೋವಿಂದನನ್ನು ಊರಾಚೆ ಸಿಡುಬಿನವರನ್ನು ಬೇರೆ ಇಡುವ ಶೆಡ್ಡಿಗೆ ಸಾಗಿಸಿದರು. ಒಬ್ಬ ಹಳೆಯ ಕಾಂಪೌಂಡರ್ ಅವನ ಜೊತೆಗಿದ್ದಾರೆ, ಅವರ ಮುಖದ ತುಂಬ ಚಿಕ್ಕಂದಿನ ಸಿಡುಬಿನ ಕಲೆ. ಹುಡುಗ ಬದುಕಿದ, ಒಂದು ಕಣ್ಣು ಮಂಜಾಗಿದೆ. ಯಲ್ಲಮ್ಮ ಅವನ ಜೊತೆಯಲ್ಲೇ ಇದ್ದಾಳೆ, ನಮ್ಮ ಮೇಲೆ ಇನ್ನೂ ಕೋಪ ಇಳಿದಿಲ್ಲ. ಎರಡು ವಾರ ಊರಲ್ಲಿ ಮತ್ತೇನೂ ಕಾಣಲಿಲ್ಲ. ನಾನು ದಿನವೂ ಮನೆಮನೆಗೆ ಹೋಗಿ ಜ್ವರ ಇದೆಯೇ ಎಂದು ಕೇಳಿ ಬರುತ್ತಿದ್ದೆ. ಕೈಯ ಬಣ್ಣ ಎಂದೋ ಹೋಗಿದೆ. ಆದರೂ ಬಾಗಿಲ ಚಿಲಕ ಮುಟ್ಟುವಾಗ, ಬಸ್ಸಿನ ಕಂಬಿ ಹಿಡಿಯುವಾಗ, ಯಾವುದೋ ಮಗುವಿನ ತಲೆ ಸವರಿದಾಗ, ನನಗೆ ಅಲ್ಲೆಲ್ಲ ಕಲೆ ಕಾಣುತ್ತದೆ. ಎಲ್ಲರೂ ಎಲ್ಲರನ್ನೂ ಎಷ್ಟೊಂದು ಮುಟ್ಟುತ್ತೇವೆ ಎಂದು ನಾನು ಹಿಂದೆಂದೂ ನೋಡಿರಲಿಲ್ಲ.

ನಿನ್ನೆ ಬೆಳಿಗ್ಗೆ ದುರ್ಗಮ್ಮ ಬಂದಳು. ದಾಕು ಹಾಕಿದ್ದೆವು, ಆದರೆ ಅವಳ ಪಾಲಿಗೆ ತಡವಾಗಿತ್ತು. ಜ್ವರ ಬಂದದ್ದು ಗೊತ್ತಾದ ಕೂಡಲೇ ಯಾರಿಗೂ ಹೇಳಿ ಕಳಿಸದೆ, ಗಾಡಿ ಹತ್ತದೆ, ಬಜಾರಿನಿಂದ ಶೆಡ್ಡಿನವರೆಗೆ ರಸ್ತೆಯ ನಟ್ಟನಡುವೆ ನಡೆದು ಬಂದಿದ್ದಾಳೆ. ಎದುರಿಗೆ ಬಂದವರಿಗೆಲ್ಲ, “ಸರೀರಿ, ದೂರ ಸರೀರಿ, ನನ್ ಗಾಳಿ ತಾಕಿಸ್ಕಬೇಡ್ರಿ,” ಎಂದು ಕೂಗುತ್ತಾ. ಗೇಟಿನ ಹತ್ತಿರ ನಾನು ನೀರು ಕೊಡಲು ಹೋದರೆ ಹಿಂದಕ್ಕೆ ಸರಿದಳು. “ಲೋಟ ನೆಲದ್ ಮ್ಯಾಲಿಟ್ಟು ಹೋಗು, ತಾಯೀ,” ಎಂದಳು. ಇಷ್ಟು ದಿನದ ಪಾಠವನ್ನು ನಮ್ಮಲ್ಲಿ ಯಾರೂ ಅವಳಷ್ಟು ಚೆನ್ನಾಗಿ ಪಾಲಿಸಲಿಲ್ಲ.

ಅತ್ತೆಗೆ, ಮಾವನಿಗೆ ನನ್ನ ಶರಣು ಹೇಳು. ಹಾವೇರಿಯಲ್ಲೂ ದಾಕು ಹಾಕುತ್ತಾರೆ, ಮನೆಮಂದಿಯೆಲ್ಲ ಹಾಕಿಸಿಕೊಳ್ಳಿ. ಮಾವ ತಮಾಷೆ ಮಾಡಿದರೆ ನಾನು ಹೇಳಿದೆನೆಂದು ಗದರಿಸು. ನಿನ್ನ ಪಾದಗಳನ್ನು ನೆನೆಯುತ್ತಾ,

ನಿನ್ನ ಮಗಳು
ಬಸವರಾಜೇಶ್ವರಿ

ತಾ.ಕ.: ನಿನ್ನ ಎರಡು ಕಾಗದಗಳಲ್ಲೂ ನೀನು ಕೇಳಿದ್ದಕ್ಕೆ ಉತ್ತರ ಬರೆಯದೆ ಬೇರೆಲ್ಲ ಬರೆದೆ. ಬ್ಯಾಡಗಿಯ ಮಾಸ್ತರರ ಮನೆಯವರು ಮುಂದಿನ ವಾರ ನನ್ನನ್ನು ನೋಡಲು ಬರುವುದು ಬೇಡ. ದುರ್ಗಮ್ಮನ ಮೈ ತೊಳೆದು ನೋಡಿಕೊಳ್ಳಲು ಹೆಣ್ಣಾಳು ಬೇಕು. ಯಾರು ಹೋಗುತ್ತೀರಿ ಎಂದು ಡಾಕ್ಟರು ಕೇಳಿದಾಗ ಎಲ್ಲರೂ ನೆಲ ನೋಡಿದರು. ನಾನೂ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಒಪ್ಪಿಕೊಂಡೆ. ನಿನ್ನನ್ನು ಕೇಳಲು ಸಮಯವಿರಲಿಲ್ಲ. ಇವತ್ತು ಸಂಜೆ ಒಳಗೆ ಹೋಗುತ್ತೇನೆ. ಅವಳು ಗುಣವಾಗುವವರೆಗೆ ನಾನು ಹೊರಗೆ ಬರುವಂತಿಲ್ಲ, ಒಳಗಿನಿಂದ ಕಾಗದವೂ ಬರುವಂತಿಲ್ಲ, ಆದ್ದರಿಂದ ನನ್ನ ಅಕ್ಷರ ಕಾಣದಿದ್ದರೆ ಹೆದರಬೇಡ. ನನಗೆ ದಾಕು ಚೆನ್ನಾಗಿ ಎದ್ದಿದೆ, ಸಿಡುಬು ಬರುವುದಿಲ್ಲ ಎನ್ನುತ್ತಾರೆ. ಮಾಸ್ತರರ ಮನೆಯವರಿಗೆ ಸುಳ್ಳು ಹೇಳಬೇಡ ಅವ್ವಾ. ಮಗಳು ಸಿಡುಬಿನವರ ಜೊತೆ ಇದ್ದಾಳೆ ಎಂದೇ ಹೇಳು. ಅದನ್ನು ಕೇಳಿದ ಮೇಲೂ ಹುಡುಗ ಬರುತ್ತೇನೆ ಎಂದರೆ, ಸಂಕ್ರಾಂತಿ ಕಳೆದ ಮೇಲೆ ಬರಲಿ. ಆಗ ನಾನೂ ಅವನನ್ನು ಸರಿಯಾಗಿ ನೋಡುತ್ತೇನೆ.