ಬಾಯಿಗೆ ಬಾರದ ಹೆಸರು

ಕೊಟ್ಟೂರು
೧೮ ಜನವರಿ ೨೦೨೬

ಮುದ್ದಿನ ಮಗಳು ರೇಣುಕಾಗೆ ನಿನ್ನವ್ವನ ಆಶೀರ್ವಾದಗಳು.

ಹೇಗಿದ್ದೀ? ಜಿನೀವಾದ ಚಳಿಗೆ ಕೈ ಒಡೆದಿವೆ ಎಂದಿದ್ದೆ, ಕೊಬ್ಬರಿ ಎಣ್ಣೆ ಹಚ್ಚುತ್ತೀಯೋ ಇಲ್ಲವೋ? ನಾವು ಕ್ಷೇಮ. ನಿಮ್ಮಪ್ಪನ ಮೊಣಕಾಲು ನೋವು ಇಳಿದಿದೆ. ಚಹಾದಂಗಡಿಗೆ ಹೊರಟಾಗಲಂತೂ ಪೂರ್ತಿ ಇಳಿದಿರುತ್ತದೆ.

ಫೋನಿನಲ್ಲಿ ನೀನು ಹೇಳಿದ್ದನ್ನೇ ಮೆಲುಕು ಹಾಕುತ್ತಿದ್ದೇನೆ. ಉಣ್ಣೆಯ ಗುಣಮಟ್ಟಕ್ಕೆ ಜಗತ್ತಿಗೆಲ್ಲ ಒಂದೇ ನಿಯಮ ಮಾಡುವ ಸಂಸ್ಥೆ. ಅದರ ಆಡಳಿತ ಮಂಡಳಿಗೆ ಯಾರು ತಕ್ಕವರು ಎಂದು ಹುಡುಕಿ ಹೆಸರು ಸೂಚಿಸುವ ಸಮಿತಿಯಲ್ಲಿ ನೀನು. ಕೈಯಲ್ಲಿ ನೂತ ಉಣ್ಣೆ ಬಲ್ಲವರು ಆ ಮಂಡಳಿಯಲ್ಲಿ ಒಬ್ಬರೂ ಇಲ್ಲ. ಬಲ್ಲವಳು ನಿನ್ನ ಗೆಳತಿ ಶಿವಲೀಲಾ. ಆದರೆ ‘ತನ್ನಾಕಿನ್ನ ತಂದು ಕೂರಿಸ್ಯಾಳ ಅಂತಾರವ್ವಾ’ ಎಂದು ನೀನು ಬಾಯಿ ಬಿಟ್ಟಿಲ್ಲ. ಮುಂದಿನ ತಿಂಗಳು ಪಟ್ಟಿ ಮುಚ್ಚುತ್ತದೆ.

ನೀನಾಗ ತೊಟ್ಟಿಲಲ್ಲಿದ್ದೆ. ನಮ್ಮ ಕಂಬಳಿ ನೇಕಾರರ ಸಂಘಕ್ಕೆ ಅಳತೆಗಾರ ಬೇಕಾಗಿತ್ತು. ಉದ್ದ, ತೂಕ, ನೇಯ್ಗೆ ನೋಡಿ ಅವನು ಮುದ್ರೆ ಒತ್ತಿದರೆ ದಾವಣಗೆರೆಯ ವ್ಯಾಪಾರಿಗಳು ಮಡಿಕೆ ಬಿಚ್ಚದೆ ಒಯ್ಯುತ್ತಿದ್ದರು. ಅಂಥವನನ್ನು ಹೆಸರಿಸಲು ಐದು ಜನ ಕೂತೆವು, ಹೆಂಗಸು ನಾನೊಬ್ಬಳೇ. ಏನು ಕಾಲವದು! ಅಂಗಳದ ತುಂಬ ಉಣ್ಣೆ, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ, ಮಗ್ಗದ ಸದ್ದಿಗೇ ನೀನು ನಿದ್ದೆ ಹೋಗುತ್ತಿದ್ದೆ. ನೆನೆದರೆ ಈಗಲೂ ಕಣ್ಣು ತುಂಬುತ್ತವೆ.

ಎಳೆಯಷ್ಟು ತಪ್ಪನ್ನೂ ಬೆರಳಲ್ಲೇ ಹಿಡಿಯುವವನು ಒಬ್ಬನಿದ್ದ. ಆದರೆ ಅವನ ಹೆಸರೂ ನಿಮ್ಮಪ್ಪನ ಹೆಸರೂ ಒಂದೇ! ಗಂಡನ ಹೆಸರು ಹೇಗೆ ಹೇಳಲಿ? ‘ಮೂಲಿಮನಿಯವ್ರು ಅಂತ ಬರ್ಕೊಳ್ರಿ’ ಎಂದೆ. ನಮ್ಮ ಓಣಿಗೆ ಎರಡು ಮೂಲೆ. ಅವರು ಇನ್ನೊಂದು ಮೂಲೆಯ ಹುಲುಗಣ್ಣನನ್ನು ಬರೆದುಕೊಂಡರು. ಓದಿ ಹೇಳಿದಾಗಲೂ ತಿದ್ದಲು ನನಗೆ ನಾಚಿಕೆ. ಹುಲುಗಣ್ಣ ಒಳ್ಳೆಯವನೇ, ಯಾರಿಗೂ ಇಲ್ಲ ಎನ್ನಲಾರ. ಗಿಡ್ಡ ಕಂಬಳಿಗೂ ಮುದ್ರೆ ಒತ್ತಿದ. ಎರಡೇ ವರ್ಷಕ್ಕೆ ವ್ಯಾಪಾರಿಗಳು ಬರುವುದು ಬಿಟ್ಟರು, ಮಗ್ಗಗಳು ಒಂದೊಂದಾಗಿ ನಿಂತವು. ನಾನು ಹೇಳಬೇಕೆಂದಿದ್ದವನು ಹಮಾಲಿಗೆ ಹೋದ. ನಾನು ಬೇಕೆಂದೇ ತನ್ನನ್ನು ಬಿಟ್ಟೆ ಎಂದುಕೊಂಡು, ಎದುರಾದರೆ ಮುಖ ತಿರುಗಿಸುತ್ತಿದ್ದ.

ಅದಕ್ಕೇ ಹೇಳುತ್ತೇನೆ, ಮೊದಲು ‘ಈಕೆ ನನ್ನ ಗೆಳತಿ’ ಎಂದು ಬಿಚ್ಚಿ ಹೇಳು. ಆಮೇಲೆ ಹೆಸರು ಹೇಳು. ತೀರ್ಮಾನಕ್ಕೆ ಕೂತಾಗ ಎದ್ದು ಹೊರಗೆ ಬಾ, ಉಳಿದವರು ಅಳೆದು ನೋಡಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಕೊಟ್ಟೂರೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅವ್ವ
ಜಂಬಕ್ಕ

ತಾ.ಕ.: ಮಗಳಿಗೆ ಬುದ್ಧಿ ಹೇಳಿ ನಾನು ಸುಮ್ಮನಿರುವುದು ಸರಿಯಲ್ಲ ಎನ್ನಿಸಿ, ಕಾಗದ ಮಡಿಚುವ ಮೊದಲು ಅಂದು ಹೆಸರು ಹೇಳದೆ ಬಿಟ್ಟವನ ಬಾಗಿಲಿಗೆ ಹೋಗಿ ಬಂದೆ. ಈಗ ಕಿವಿ ಮಂದ, ಬೆನ್ನು ತಿರುಗಿಸಿ ಕೂತಿದ್ದ. ‘ಪಾಲಣ್ಣಾ! ಅವತ್ತು ನಾ ಹೇಳಬೇಕಂದಿದ್ದು ನಿನ್ನ ಹೆಸರು!’ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ‘ಇಷ್ಟು ಮಾತಿಗೆ ಮೂವತ್ತೆಂಟು ವರ್ಷ ಬೇಕಾತೇನ್ ಜಂಬಕ್ಕ?’ ಎಂದು ಕಣ್ಣೊರೆಸಿಕೊಂಡ. ನನ್ನ ಹಿಂದೆ ಓಣಿಯಲ್ಲಿ ಬರುತ್ತಿದ್ದ ನಿಮ್ಮಪ್ಪ, ತಮ್ಮನ್ನೇ ಕರೆದೆ ಎಂದುಕೊಂಡು, ‘ಓ’ ಎಂದರು.